ನಾದಿನಿ ಹೇಳಿಕೊಟ್ಟ ಹೊಡೆತದ ಇಂಗ್ಲಿಷ್

ನನ್ನ ನಾದಿನಿಯ ಬಲಗೈ ಸೀಮೆಸುಣ್ಣ ಹಿಡಿಯುತ್ತಿರಲಿಲ್ಲ. ಅವಳ ಗಂಡ ಆ ಕೈಯನ್ನು ಬಾಗಿಲ ಸಂದಿಯಲ್ಲಿಟ್ಟು ಬಾಗಿಲನ್ನು ಒದ್ದಿದ್ದ. ಮೂಳೆ ಕೂಡಿಕೊಂಡಿತು, ಆದರೆ ಸೊಟ್ಟಗೆ. ಪಟ್ಟಿ ಬಿಚ್ಚಿದ ದಿನವೇ ಒಂದು ಚೀಲ ಹಿಡಿದು ನಮ್ಮ ಮಹಡಿ ಮನೆಗೆ ಬಂದಳು. ನನ್ನ ಗಂಡ, ಎಂದರೆ ಅವಳ ಅಣ್ಣ, ಅಷ್ಟರಲ್ಲಿ ತೀರಿಕೊಂಡಿದ್ದರು.

"ಅತ್ತಿಗೆ, ಆ ಮನೆಗೆ ಇನ್ನು ನನ್ನ ಹೆಣಾನೂ ಹೋಗಲ್ಲ," ಎಂದಳು.

ಮುಂದಿನ ಕೋಣೆಯನ್ನು ಖಾಲಿ ಮಾಡಿಕೊಟ್ಟೆ. ಅವನು ಆಗಾಗ ಬೀದಿಯಲ್ಲಿ ನಿಂತು, "ಕೂದಲು ಹಿಡಿದು ಎಳ್ಕೊಂಡು ಹೋಗ್ತೀನಿ, ನೋಡ್ತಿರು," ಎಂದು ಹೇಳಿ ಹೋಗುತ್ತಿದ್ದ. ಕುಡಿದು ಕೂಗಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ಅವನು ಕುಡಿಯುತ್ತಿರಲಿಲ್ಲ.

ನಾದಿನಿ ಓದಿದವಳು. ಮದುವೆಗೆ ಮೊದಲು ಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದಳು. ಆ ಕೋಣೆಯಲ್ಲಿ ಮತ್ತೆ ಪಾಠ ಶುರುಮಾಡಿದಳು. ಬಂದವರು ಹಿಂದಿನ ಬೀದಿಯ ಕಸಾಯಿಖಾನೆಯ ಆಳುಗಳು. ಅವರಿಗೆ ಹಡಗಿನ ಅಡುಗೆಮನೆಯಲ್ಲಿ ಮಾಂಸ ಕೊಯ್ಯುವ ಕೆಲಸ ಸಿಗಬೇಕಿತ್ತು. ಅಲ್ಲಿನ ಸಾಹೇಬರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕೇಳಿದ ತಕ್ಷಣ ಮಾಡಿ ತೋರಿಸಿದರೆ ಕೆಲಸ, ಇಲ್ಲದಿದ್ದರೆ ಇಲ್ಲ. ನನ್ನದು ಒಂದೇ ಕಟ್ಟಳೆ: ಚಪ್ಪಲಿಯ ಜೊತೆ ಕತ್ತಿಗಳೂ ಬಾಗಿಲ ಹೊರಗೆ ಡಬ್ಬಿಯಲ್ಲಿರಬೇಕು.

"ಅವರು ಕಟ್ ಅಂತ ಹೇಳಿ ಸುಮ್ನಾಗಲ್ಲ," ಎನ್ನುತ್ತಿದ್ದಳು. "ಅದರ ಬಾಲಕ್ಕೆ ಚೋಟುದ್ದದ ಇನ್ನೊಂದು ಮಾತು ಕಟ್ತಾರೆ. ಬಾಲ ನೋಡದೆ ಕತ್ತಿ ಎತ್ತಿದ್ರೆ ಕೆಟ್ರಿ."

ಕಾಲು ಕಡಿದು ಬೇರೆ ಮಾಡಿದರೆ ಕಟ್ ಆಫ್. ಇಡೀ ಮೈಯನ್ನು ತುಂಡು ತುಂಡು ಮಾಡಿದರೆ ಕಟ್ ಅಪ್. ಒಳಗೆ ಕೈ ಹಾಕಿ ಗುಂಡಿಗೆ ಕೊಯ್ದು ತೆಗೆದರೆ ಕಟ್ ಔಟ್. ಕೇಳಿ ಕೇಳಿ ನನಗೂ ಬಾಯಿಗೆ ಬಂದುಬಿಟ್ಟಿತ್ತು.

ಅವರಲ್ಲಿ ಹಿರಿಯವನನ್ನು ಎಲ್ಲರೂ ಕೊಂಬು ಎಂದು ಕರೆಯುತ್ತಿದ್ದರು. ಎಂದೋ ಎತ್ತೊಂದು ಹಾಯ್ದು ಅವನ ಹಣೆ ಸೀಳಿತ್ತು. ಅವನಿಗೆ ಒಂದು ಅನುಮಾನ.

"ಅಪ್ ಅಂದ್ರೆ ಮೇಲಕ್ಕೆ ಅಲ್ವಾ ಟೀಚರ್? ನಾನು ಕಡಿದ ತುಂಡು ಒಂದು ದಿನಾನೂ ಮೇಲಕ್ಕೆ ಹಾರಿಲ್ಲ."

"ಇದ್ದಬದ್ದದ್ದೆಲ್ಲಾ ತಿಂದು ಹಾಕ್ದೆ ಅಂತ ನಿನ್ನ ಹೆಂಡ್ತಿ ಬೈತಾಳಲ್ಲ, ಎಲ್ಲಿಗೆ ಹಾಕ್ದೆ?"

"ಹೊಟ್ಟೆಗೆ."

"ಅದು ಹೊಟ್ಟೆನಾ? ಗೋಡೌನು," ಎಂದ ಪಕ್ಕದವನು.

"ಪೂರ್ತಿ ಮುಗಿಸ್ದೆ ಅಂತ ತಾನೇ ಅರ್ಥ? ಇದೂ ಹಾಗೇ. ಬೀಟ್ ಅಪ್ ಅಂದ್ರೆ ಒಂದೇಟು ಕೊಟ್ಟು ಹೋಗೋದಲ್ಲ. ಮೇಲೇಳದ ಹಾಗೆ ಬಡಿಯೋದು."

ಹಲಗೆಯ ಮೇಲೆ ಬರೆಯಲು ಆಗದಿದ್ದುದರಿಂದ ಅವಳು ಪಾಠವನ್ನು ಮೈಯಿಂದಲೇ ಮಾಡಿಸುತ್ತಿದ್ದಳು. ಒಬ್ಬ ತಳ್ಳಬೇಕು, ಒಬ್ಬ ಬೀಳಬೇಕು. ಸುತ್ತ ಕುಳಿತವರು ಆಗಿದ್ದೇನೆಂದು ಬಾಲ ಸಮೇತ ಕೂಗಬೇಕು. ಅವಳೂ ಬೀಳುತ್ತಿದ್ದಳು, ಉರುಳುತ್ತಿದ್ದಳು, ಸತ್ತವಳಂತೆ ಕಿರುಚುತ್ತಿದ್ದಳು. ಕೆಳಗಿನ ಅಂಗಡಿಯ ದರ್ಜಿಯನ್ನು ಒಮ್ಮೆ ಗುಟ್ಟಾಗಿ ಕರೆಸಿ, ಅವನು ಬಾಗಿಲು ದೂಡಿ ನುಗ್ಗಿ ಅವಳನ್ನು ಬೀಳಿಸುವಂತೆ ಮಾಡಿದ್ದಳು. "ಹಡಗಲ್ಲಿ ಹೇಳಿ ಕೇಳಿ ಯಾರೂ ಬರಲ್ಲ," ಎಂದು ನಕ್ಕಳು. ಆಟ ನಡೆಯುವಾಗ ಇಂಗ್ಲಿಷ್ ಬಿಟ್ಟು ಬೇರೆ ಮಾತು ಯಾರ ಬಾಯಿಂದಲೂ ಬರಕೂಡದು. ಇದು ಅವಳ ಕಟ್ಟಳೆ.

ಅವಳ ಗಂಡ ಒಂದು ದಿನ ಸಂಜೆಗೆ ಮುಂಚೆ, ಪಾಠದ ನಡುವೆಯೇ ಮೆಟ್ಟಿಲು ಹತ್ತಿ ಬಂದ. ಬಾಯಿ ಬಿಡಲಿಲ್ಲ. ಒದ್ದ ಒದೆತಕ್ಕೆ ಚಿಲಕ ಕಿತ್ತು ಬಂತು.

"ಬ್ರೇಕ್ ಇನ್!" ಎಂದು ಎಲ್ಲರೂ ಕೂಗಿದರು.

ಅವರು ಅವನನ್ನು ಹಿಂದೆ ಕಂಡವರಲ್ಲ. ದರ್ಜಿಯ ಹಾಗೆ ಇವನೂ ಒಬ್ಬ ಎಂದುಕೊಂಡರು. ಅವನು ಅವಳ ಬಾಯಿಗೆ ಗುದ್ದಿದ, ಅವಳು ಗೋಡೆಗೆ ಬಡಿದು ಬಿದ್ದಳು. "ನಾಕ್ ಡೌನ್!" ಎಂದರು. ಪಕ್ಕೆಗೆ ಒದ್ದ, ಮತ್ತೆ ಒದ್ದ, ಕುತ್ತಿಗೆಯ ಮೇಲೆ ಕಾಲಿಟ್ಟ. "ಬೀಟ್ ಅಪ್! ಬೀಟ್ ಅಪ್!" ಕೊಂಬು ಮಂಡಿ ತಟ್ಟಿಕೊಂಡು ಕೂಗಿದನಂತೆ, ತನಗೀಗ ಸರಿಯಾಗಿ ಬಂತು ಎಂಬ ಖುಷಿಗೆ. ನಾನು ಹಿತ್ತಲ ಕಡೆಯ ಬಚ್ಚಲಲ್ಲಿ ಬಟ್ಟೆ ಹಿಂಡುತ್ತಿದ್ದೆ. ಇವತ್ತು ಪಾಠ ಜೋರಾಗಿದೆ ಎಂದುಕೊಂಡೆ.

ನಾದಿನಿಗೆ ಕೂಗಲು ಆಗಲಿಲ್ಲ. ದವಡೆ ಕಳಚಿತ್ತು.

ಅವನು ಜಡೆಯನ್ನು ಮುಷ್ಟಿಗೆ ಸುತ್ತಿ ಬಾಗಿಲ ಕಡೆಗೆ ಎಳೆದ. "ಡ್ರ್ಯಾಗ್ ಔಟ್!" ಅಷ್ಟು ಗಂಡಸರು ತನ್ನ ಪರವಾಗಿಯೇ ಕೂಗುತ್ತಿದ್ದಾರೆಂದು ಅವನಿಗೆ ಎದೆ ಉಬ್ಬಿರಬೇಕು. ಹೊಸಿಲ ಬಳಿ ನಿಂತು ತಿರುಗಿದ.

"ನೋಡ್ಕೊಳ್ರೋ, ನಿಮ್ಮ ಟೀಚರಮ್ಮನ್ನ. ಮನೆ ಬಿಟ್ಟು ಬಂದ ನಾಯೀನ ಹೀಗೇ ಎಳ್ಕೊಂಡು ಹೋಗೋದು."

ಅದು ಇಂಗ್ಲಿಷ್ ಅಲ್ಲ. ಕೂಗು ಒಮ್ಮೆಲೇ ನಿಂತಿತು. ಆ ಮೌನಕ್ಕೆ ನಾನು ಒದ್ದೆ ಬಟ್ಟೆ ಹಿಡಿದುಕೊಂಡೇ ಓಡಿ ಬಂದೆ. ಬಾಗಿಲವರೆಗೂ ನೆಲದ ಮೇಲೆ ರಕ್ತ ಬಳಿದಂತಿತ್ತು.

"ಅಯ್ಯೋ, ಅವಳ ಗಂಡ ಕಣ್ರೋ!" ಎಂದೆ.

ಆಮೇಲೆ ಯಾರೂ ಏನೂ ಕೂಗಲಿಲ್ಲ. ಎತ್ತು ಕೆಡವುವ ಕೈಗಳು ಅವು. ಮೊದಲ ಹೊಡೆತಕ್ಕೆ ಅವನ ಮೂಗು ಚಪ್ಪಟೆಯಾಯಿತು. ಇಬ್ಬರು ತೋಳು ತಿರುಚಿದರು, ಹಸಿ ಕಟ್ಟಿಗೆ ಮುರಿದ ಸದ್ದು ಬಂತು. ಬಿದ್ದವನ ಸೊಂಟದ ಮೇಲೆ ಹತ್ತಿ ತುಳಿದರು. ಅವನು ನನ್ನನ್ನೇ "ಅಕ್ಕಾ, ಅಕ್ಕಾ" ಎಂದು ಕರೆದ. ನಾನು ಹೋಗಲಿಲ್ಲ. ನಾದಿನಿ ಗೋಡೆಗೆ ಒರಗಿ ಕುಳಿತು ನೋಡುತ್ತಿದ್ದಳು, ಬಿಡಿ ಎನ್ನಲಿಲ್ಲ.

ಕೊಂಬು ಅಳುತ್ತಿದ್ದ. ಅಳುತ್ತಲೇ ಹೊರಗೆ ಹೋಗಿ ಡಬ್ಬಿಯಿಂದ ಕತ್ತಿ ತಂದ. ಆಗ ಅವಳು ತೆವಳಿ ಬಂದು ಅವನ ಕಾಲು ಅಪ್ಪಿಕೊಂಡಳು. ದವಡೆಯನ್ನು ಕೈಯಲ್ಲಿ ಎತ್ತಿ ಹಿಡಿದು ಒಂದೊಂದೇ ಮಾತು ಆಡಿದಳು.

"ಬೇಡ. ಇವನು ಸತ್ರೆ ಹೆಂಡ್ತಿ ಅಂತ ನನ್ನನ್ನ ಹೆಣದ ಪಕ್ಕ ಕೂರಿಸ್ತಾರೆ."

ಕೊಂಬು ಕತ್ತಿ ಎಸೆದ. ಅವಳ ಗಂಡನನ್ನು ಗೋಣಿಚೀಲದಂತೆ ಎತ್ತಿ ಮೆಟ್ಟಿಲ ಮೇಲಿಂದ ಉರುಳಿಸಿದರು. ದರ್ಜಿ ಗಾಡಿ ತಂದು ಆಸ್ಪತ್ರೆಗೆ ಹಾಕಿದ. ಪೊಲೀಸರು ಬಂದಾಗ ಕಿತ್ತ ಚಿಲಕವನ್ನೂ ಅವಳ ಮುಖವನ್ನೂ ತೋರಿಸಿದೆ. ಆಳುಗಳು ಒಂದು ರಾತ್ರಿ ಠಾಣೆಯಲ್ಲಿ ಕುಳಿತು ಬಂದರು.

ಅವನು ಬದುಕಿದ, ಆದರೆ ಸೊಂಟದಿಂದ ಕೆಳಗೆ ಜೀವ ಉಳಿಯಲಿಲ್ಲ, ಮುರಿದ ತೋಳುಗಳೂ ಮೇಲೇಳಲಿಲ್ಲ. ಅವಳ ದವಡೆಯ ತಂತಿ ಬಿಚ್ಚಿದ ಮೇಲೆ ಅವನ ಅಣ್ಣ ಬಂದರು. ತೂಕದ ಮನುಷ್ಯರು, ಮೆತ್ತಗೆ ಮಾತಾಡುವವರು.

"ಆಗಿದ್ದು ಆಗಿಹೋಯ್ತಮ್ಮ. ಅವನು ಇನ್ನು ಕೈ ಎತ್ತೋ ಹಾಗಿಲ್ಲ. ಬಾಯಿಗೆ ಗಂಜಿನೂ ಬೇರೆಯವರೇ ಹಾಕ್ಬೇಕು. ಇನ್ನೇನು ಭಯ ನಿಂಗೆ? ಬಾ, ನೋಡ್ಕೋ. ಎಷ್ಟಾದ್ರೂ ಗಂಡ."

ನಾದಿನಿ ಅವರ ಎದುರಿಗೆ ಬಂದು ಕುಳಿತಳು.

"ಬರ್ತೀನಿ ಭಾವ," ಎಂದಳು. "ಅವರ ತಲೆ ಕೆಳಗೆ ದಿಂಬು ಇದೆಯಲ್ಲ? ಬಂದ ದಿನಾನೇ ಅದನ್ನ ತೆಗೆದು ಮುಖದ ಮೇಲಿಟ್ಟು ಕೂತ್ಕೋತೀನಿ. ನೀವು ಕಾಲು ಹಿಡ್ಕೊಳ್ಳೋದೂ ಬೇಕಾಗಿಲ್ಲ, ಅವು ಅಲ್ಲಾಡಲ್ಲ. ಯಾವತ್ತು ಬರ್ಲಿ ಹೇಳಿ."

ಭಾವ ನಾನು ಕೊಟ್ಟ ನೀರಿನ ಲೋಟವನ್ನು ಹಾಗೇ ಕೆಳಗಿಟ್ಟು ಎದ್ದರು. ಮೆಟ್ಟಿಲಲ್ಲಿ ಕೊಂಬು ಮತ್ತು ಅವನ ಜೊತೆಯವರು ಕತ್ತಿ ಹಿಡಿದು ಪಾಠಕ್ಕೆ ಹತ್ತಿ ಬರುತ್ತಿದ್ದರು. ಭಾವ ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟು ಇಳಿದುಹೋದರು. ಆ ಮನೆಯಿಂದ ಮತ್ತೆ ಯಾರೂ ಬರಲಿಲ್ಲ.