ಹಣೆಯ ಮೇಲೆ ಬರೆದ ಹೊತ್ತು

ಮಾರ್ಕರ್ ಪೆನ್ನಿನ ಮುಚ್ಚಳ ತೆಗೆದರೆ ಸ್ಪಿರಿಟ್ಟಿನಂಥ ವಾಸನೆಯೊಂದು ಬರುತ್ತದೆ. ಮೊನ್ನೆ ಮಡಿಕೇರಿಯಲ್ಲಿ, ಆಂಬ್ಯುಲೆನ್ಸ್ ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಪಾಠ ಹೇಳಲು ನಿಂತಾಗ ಆ ವಾಸನೆ ಮೂಗಿಗೆ ಬಡಿದು ನನ್ನ ಕೈ ಹಾಗೇ ನಿಂತುಬಿಟ್ಟಿತು.

ನಮಗೆ ಈ ಪಾಠ ಹೇಳಿದ ಸರ್, ಸೈನ್ಯದಲ್ಲಿ ಗಾಯಾಳುಗಳ ಆರೈಕೆ ಮಾಡಿ ನಿವೃತ್ತರಾದವರು. ವಿರಾಜಪೇಟೆ ಹತ್ತಿರದ ಬಿಟ್ಟಂಗಾಲದ ಕಡೆ ಅವರಿಗೆ ಸ್ವಲ್ಪ ಕಾಫಿ ತೋಟವಿತ್ತು. ಕೈಗೋ ಕಾಲಿಗೋ ಆಳವಾದ ಗಾಯವಾಗಿ ರಕ್ತ ನಿಲ್ಲದಿದ್ದರೆ ಗಾಯದ ಮೇಲ್ಗಡೆ ಪಟ್ಟಿ ಬಿಗಿಯಬೇಕು, ಬಿಗಿದ ಹೊತ್ತನ್ನು ರೋಗಿಯ ಹಣೆಯ ಮೇಲೆ ಬರೆಯಬೇಕು ಎನ್ನುತ್ತಿದ್ದರು. ಪಟ್ಟಿ ಬಹಳ ಹೊತ್ತು ಹಾಗೇ ಇದ್ದರೆ ಕೈಯೋ ಕಾಲೋ ಸತ್ತೇಹೋಗುತ್ತದೆ, ಬಿಗಿದು ಎಷ್ಟು ಹೊತ್ತಾಯಿತೆಂದು ಡಾಕ್ಟರಿಗೆ ಗೊತ್ತಾಗಬೇಕು. ಚೀಟಿಯಲ್ಲಿ ಬರೆದರೆ ಸಾಲದೇ ಎಂದು ನಾನು ಕೇಳಿದ್ದೆ.

"ಚೀಟಿ ಬಿದ್ದು ಹೋಗ್ತದೆ, ಅಂಗಿ ಬಿಚ್ತಾರೆ. ಹಣೆ ಎಲ್ಲಿಗೆ ಹೋಗ್ತದೆ?" ಎಂದಿದ್ದರು.

ಬರೆಯಲು ಮರೆಯುವುದರಲ್ಲಿ ನಾನು ಎತ್ತಿದ ಕೈ. ಒಮ್ಮೆ ಸಿಟ್ಟಿಗೆದ್ದು ನನ್ನ ಹಣೆಗೇ ಹೊತ್ತು ಬರೆದು ಮನೆಗೆ ಕಳಿಸಿದರು. ಊರಿಗೆ ಹೋಗುವ ಶನಿವಾರಸಂತೆಯ ಬಸ್ಸಿನಲ್ಲಿ ಕಂಡಕ್ಟರಿನಿಂದ ಹಿಡಿದು ಎಲ್ಲರೂ ನಕ್ಕರು. ಶಾಯಿ ಮೂರು ದಿನ ಹೋಗಲಿಲ್ಲ, ಸರ್ ಮೇಲಿನ ಸಿಟ್ಟೂ ಅಷ್ಟೇ ದಿನ ಇತ್ತು.

ಇನ್ನೊಂದು ಮಾತನ್ನು ದಿನವೂ ಹೇಳುತ್ತಿದ್ದರು. ಹೋದ ಕೂಡಲೇ ಮುಖ ನೋಡುತ್ತಾ ನಿಲ್ಲಬೇಡಿ, ಯಾರೆಂದು ಆಮೇಲೆ ತಿಳಿದರಾಯಿತು, ಮೊದಲು ರಕ್ತ ನಿಲ್ಲಿಸಿ ಎಂದು. ನಾವು ತಲೆಯಾಡಿಸುತ್ತಿದ್ದೆವು...

ಕೆಲಸಕ್ಕೆ ಸೇರಿ ಎರಡನೇ ವರ್ಷ, ಬಿಟ್ಟಂಗಾಲದ ತೋಟವೊಂದರಿಂದ ಕರೆ ಬಂತು. ಮರ ಕೊಯ್ಯುವ ಮೆಷಿನ್ ಜಾರಿ ಯಾರದೋ ತೊಡೆ ಸೀಳಿದೆಯಂತೆ. ಬ್ಯಾಗ್ ಹಿಡಿದು ಕಾಫಿ ಗಿಡಗಳ ನಡುವೆ ಓಡಿದೆ. ಸಿಲ್ವರ್ ಓಕ್ ಮರಕ್ಕೆ ಒರಗಿ ಕೂತಿದ್ದವರು ನಮ್ಮ ಸರ್. ತಮ್ಮ ಬೆಲ್ಟನ್ನೇ ತೊಡೆಗೆ ಬಿಗಿದುಕೊಂಡಿದ್ದರು. ಎಡಗೈಯ ಮೇಲೆ ಪೆನ್ನಿನಲ್ಲಿ ಸೊಟ್ಟಸೊಟ್ಟಾಗಿ 10.20 ಎಂದು ಬರೆದುಕೊಂಡಿದ್ದರು. ಆದರೆ ಬೆಲ್ಟು ಸಡಿಲವಾಗಿತ್ತು, ರಕ್ತ ಹರಿಯುತ್ತಲೇ ಇತ್ತು.

ನನ್ನ ಕೈಯಲ್ಲಿ ಪಟ್ಟಿ ಇತ್ತು, ಕಟ್ಟುವುದೂ ಗೊತ್ತಿತ್ತು. ಆದರೂ ಸಿಡಿಲು ಬಡಿದವಳಂತೆ ಅವರ ಮುಖವನ್ನೇ ನೋಡುತ್ತಾ ನಿಂತೆ.

"ನನ್ನ ಮುಖ ಎಂಥ ನೋಡ್ತೀಯ? ಕಾಲು ನೋಡು" ಎಂದರು, ತುಂಬ ಮೆಲ್ಲಗೆ.

ಆಮೇಲೆ ಕಟ್ಟಿದೆ. ರಕ್ತ ನಿಂತಿತು. ಅವರ ಹಣೆಯ ಮೇಲೆ ಹೊತ್ತು ಬರೆಯುವುದನ್ನೂ ಅವತ್ತು ಮರೆಯಲಿಲ್ಲ. ವಿರಾಜಪೇಟೆಯ ಆಸ್ಪತ್ರೆ ತಲುಪುವ ಮೊದಲೇ ಅವರು... ನೀವು ಹೋಗುವಷ್ಟರಲ್ಲೇ ತುಂಬ ರಕ್ತ ಹೋಗಿತ್ತು, ನಿನ್ನ ತಪ್ಪೇನೂ ಇಲ್ಲ ಎಂದು ಡಾಕ್ಟರ್ ಸಮಾಧಾನ ಹೇಳಿದರು. ನನಗೆ ಇವತ್ತಿಗೂ ಸಮಾಧಾನವಾಗಿಲ್ಲ.

ಮೊನ್ನೆ ಹೊಸ ಹುಡುಗಿಯೊಬ್ಬಳು, ಚೀಟಿಯಲ್ಲಿ ಬರೆದರೆ ಸಾಲದೇ ಮೇಡಂ ಎಂದು ಕೇಳಿದಳು. ಸರ್ ಕೊಟ್ಟ ಉತ್ತರವನ್ನೇ ಕೊಟ್ಟು, ಗಡಿಯಾರ ನೋಡಿ ಅವಳ ಹಣೆಯ ಮೇಲೆ ಹೊತ್ತು ಬರೆದೆ. ಎಲ್ಲರೂ ನಕ್ಕರು. ಸರ್ ಬೆಲ್ಟು ಬಿಗಿದುಕೊಂಡ ಹೊತ್ತು ನನಗೆ ಗೊತ್ತು, ನಾನು ಪಟ್ಟಿ ಕಟ್ಟಿದ ಹೊತ್ತೂ ಗೊತ್ತು. ಅವರ ಮುಖ ನೋಡುತ್ತಾ ಎಷ್ಟು ಹೊತ್ತು ನಿಂತಿದ್ದೆ ಎನ್ನುವುದನ್ನು ಮಾತ್ರ ಯಾರೂ ಬರೆದಿಡಲಿಲ್ಲ.