ಎಡಗೆನ್ನೆಯ ನಾಲ್ಕು ನಿಮಿಷ

೨೦೨೪ರ ಜುಲೈ ಹತ್ತು, ಬುಧವಾರ. ನಸುಕಿನಲ್ಲಿ ಸಣ್ಣಗೆ ಹನಿದ ಮಳೆ ಏಳು ಗಂಟೆಗೆ ನಿಂತಿತು. ಬಿಸಿಲು ಬರಲಿಲ್ಲ; ಗಾಳಿ ಮಾತ್ರ ತಣ್ಣಗೆ ಬೀಸುತ್ತಿತ್ತು. ಮಂಗಳವಾರದ ರಜೆ ಮುಗಿಸಿ, ಗಾಂಧಿ ಬಜಾರಿನ ಪಕ್ಕದ ಅಡ್ಡರಸ್ತೆಯಲ್ಲಿರುವ ತಮ್ಮ ಕ್ಷೌರದಂಗಡಿಯ ಬಾಗಿಲನ್ನು ಆಂಜಿನಯ್ಯನವರು ತೆರೆದಾಗ ಮೆಟ್ಟಿಲ ಮೇಲೆ ಆಗಲೇ ಇಬ್ಬರು ಕಾಯುತ್ತಿದ್ದರು.

ಆಂಜಿನಯ್ಯನವರಿಗೆ ಐವತ್ತಾರು. ತಂದೆ ಬೈರಯ್ಯನವರಿಂದ ಬಂದ ಅಂಗಡಿ. ಎರಡು ಕುರ್ಚಿ, ಗೋಡೆಯಗಲದ ಕನ್ನಡಿ, ಅದರ ಮೇಲೊಂದು ಗಡಿಯಾರ. ನಾಲ್ಕು ವರ್ಷದ ಹಿಂದೆ ಎದುರಿಗೆ ಏಸಿ ಸಲೂನು ಬಂದಾಗ ಹುಡುಗರೆಲ್ಲ ಅತ್ತ ಹೋದರು. ಅರ್ಧದಷ್ಟು ಮಂದಿ ಕತ್ತಿಯ ಕ್ಷೌರಕ್ಕಾಗಿ ಹಿಂದಿರುಗಿದರು. ಸಂಜೆಯ ಹೊತ್ತಿಗೆ ಮೀನಖಂಡ ಕಲ್ಲಾಗುತ್ತದೆ, ಸೊಂಟ ಹಿಡಿಯುತ್ತದೆ. ಆದರೂ ಅವರಿಗೆ ಈ ಕೆಲಸ ಬೇಸರ ತಂದಿಲ್ಲ. ಬಾಡಿದ ಮುಖದಲ್ಲಿ ಬಂದು ಕೂತವನು ಎದ್ದು ಹೋಗುವ ಮುನ್ನ ಗದ್ದವನ್ನು ತುಸು ಎತ್ತಿ ಕನ್ನಡಿಯಲ್ಲಿ ತನ್ನನ್ನು ನೋಡಿಕೊಳ್ಳುತ್ತಾನಲ್ಲ, ಆ ಒಂದು ಗಳಿಗೆ ಮೂವತ್ತೆಂಟು ವರ್ಷವಾದರೂ ಹಳೆಯದಾಗಿಲ್ಲ. ಇನ್ನು ಮಾತು: ಕೈ ಆಡುವಷ್ಟು ಹೊತ್ತೂ ಅವರ ಬಾಯಿ ಆಡುತ್ತಲೇ ಇರುತ್ತದೆ.

ಒಂಬತ್ತಕ್ಕೆ ಶೀನಣ್ಣ ಮೇಷ್ಟ್ರು ಬಂದರು. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ಇಪ್ಪತ್ತಾರು ವರ್ಷದ ಗಿರಾಕಿ. ಅವರ ತಂದೆ ಮೂರು ವಾರದಿಂದ ಆಸ್ಪತ್ರೆಯಲ್ಲಿದ್ದರು.

"ಬೇಗ ಮುಗಿಸಯ್ಯ, ಆಸ್ಪತ್ರೆಗೆ ಹೋಗ್ಬೇಕು. ನಂಗೆ ಅರವತ್ತೊಂದು. ಆದ್ರೂ ನಿನ್ನೆ ಮಂಚದಲ್ಲಿ ಮಲಗಿದ್ದ ಕಡೆಯಿಂದ್ಲೇ ಬೈದ್ರು ಅಪ್ಪ, ಏನೋ ಇದು ಭಿಕ್ಷುಕನ ಗಡ್ಡ ಅಂತ."

"ಬೈಯೋ ಶಕ್ತಿ ಇದೆ ಅಂದ್ರೆ ಒಳ್ಳೇದೇ ಮೇಷ್ಟ್ರೇ. ನಿಮ್ಮ ಸ್ಟೂಡೆಂಟ್ಸ್ ಇದನ್ನ ಕೇಳಿದ್ರೆ ಪಟಾಕಿ ಹೊಡೀತಾರೆ."

ನೊರೆ ಹಚ್ಚಿ, ಕತ್ತಿಗೆ ಹೊಸ ಅರ್ಧ ಬ್ಲೇಡು ಸಿಕ್ಕಿಸಿ, ಆಂಜಿನಯ್ಯನವರು ಬಲಗೆನ್ನೆ ಮುಗಿಸಿದ್ದರು. ಅಷ್ಟರಲ್ಲಿ ಕನ್ನಡಿಯ ಮುಂದಿಟ್ಟಿದ್ದ ಮೇಷ್ಟ್ರ ಫೋನು ಬಡಿದುಕೊಂಡಿತು. ಮೇಷ್ಟ್ರ ಕೈಗಳೆರಡೂ ಬಿಳಿ ಬಟ್ಟೆಯ ಕೆಳಗಿದ್ದವು.

"ನೀನೇ ತಗೋ, ಯಾರು ಕೇಳು."

ಕರೆ ಮಗಳು ಸುಪ್ರಜಾಳದು. ಇವರು ಹಲೋ ಎನ್ನುವ ಮೊದಲೇ ಅತ್ತಳು. "ಅಪ್ಪಾ, ತಾತ ಹೋಗ್ಬಿಟ್ರು. ಬೇಗ ಬಾಪ್ಪಾ."

"ನಾನಮ್ಮ, ಆಂಜಿನಯ್ಯ. ಕಳಿಸ್ತೀನಿ," ಎಂದು ಫೋನನ್ನು ಬೋರಲು ಇಟ್ಟರು.

"ಯಾರಂತೆ?"

"ಮಗಳು. ಬೇಗ ಬರ್ಬೇಕಂತೆ. ಮುಖ ಅಲ್ಲಾಡಿಸ್ಬೇಡಿ."

ಯಾವ ಮನೆಯಲ್ಲಿ ಸಾವಿನ ಮೊದಲ ದಿನವೇ ಕ್ಷೌರ, ಯಾವ ಮನೆಯಲ್ಲಿ ಹತ್ತನೆಯ ದಿನದವರೆಗೆ ಕತ್ತಿ ತಾಗಿಸಬಾರದು ಎಂಬುದು ಆಂಜಿನಯ್ಯನವರಿಗೆ ಬಾಯಿಪಾಠ. ಮೇಷ್ಟ್ರದು ಎರಡನೆಯ ಬಗೆಯ ಮನೆ. ಸುದ್ದಿ ಹೇಳಿದ ಮರುಕ್ಷಣ ಅವರು ನೊರೆ ಒರೆಸಿಕೊಂಡು ಎದ್ದುಬಿಡುತ್ತಾರೆ. ಮತ್ತೆ ಹತ್ತು ದಿನ ಒಂದು ಕೆನ್ನೆ ನುಣುಪು, ಒಂದು ಕೆನ್ನೆ ಕುರುಚಲು.

ಇಂಥದ್ದೊಂದನ್ನು ಆಂಜಿನಯ್ಯನವರು ಕಂಡಿದ್ದರು. ಆಗ ಇವರಿಗೆ ಹದಿನಾರು; ಇದೇ ಕುರ್ಚಿಯಲ್ಲಿ, ಬಿನ್ನಿಪೇಟೆಯ ಗುಮಾಸ್ತರೊಬ್ಬರಿಗೆ ತಾಯಿಯ ಸಾವಿನ ಸುದ್ದಿ ಬಂತು. ಬೈರಯ್ಯನವರು ತಕ್ಷಣ ಹೇಳಿದರು. ಆತ ಹಾಗೇ ಓಡಿದರು. ಸ್ಮಶಾನದಲ್ಲಿ ನೆಂಟರ ಮಕ್ಕಳು ಕಿಸಕ್ಕೆಂದು ನಕ್ಕರಂತೆ. ಹತ್ತು ದಿನವೂ ಆತ ಮುಖಕ್ಕೆ ಟವಲು ಸುತ್ತಿಕೊಂಡೇ ಕಳೆದರಂತೆ. ಆಮೇಲೆ ಅಂಗಡಿಯ ಕಡೆ ತಲೆ ಹಾಕಲಿಲ್ಲ. ಸರಿಯಾದದ್ದನ್ನೇ ಮಾಡಿದೆ ಎಂದು ಬೈರಯ್ಯನವರು ಸಾಯುವವರೆಗೂ ಹೇಳುತ್ತಿದ್ದರು. ಯಾರೂ ಕೇಳದೆಯೇ ಹೇಳುತ್ತಿದ್ದರು.

ಆಂಜಿನಯ್ಯನವರು ಕತ್ತಿ ಎತ್ತಿಕೊಂಡರು. ತಿಳಿದೂ ಕ್ಷೌರ ಮಾಡಿದ ದೋಷ ತಿಳಿದವನಿಗೆ, ತನಗೆ. ತಿಳಿಯದೆ ಕೂತ ಮೇಷ್ಟ್ರಿಗಲ್ಲ. ಗಿರಾಕಿ ಮುನಿದು ಹೋದರೆ ಹೋಗಲಿ. ಆದರೆ ಮುಖದ ಬಗ್ಗೆ ಕೊನೆಯದಾಗಿ ಬೈದ ತಂದೆಯ ಮುಂದೆ ಮಗ ಅರ್ಧ ಮುಖದಲ್ಲಿ ನಿಲ್ಲಬಾರದು. ಎಡಗೆನ್ನೆ, ಗದ್ದ, ಗಂಟಲು. ಕೊನೆಗೆ ಪಟಿಕ ಉಜ್ಜಿ, ಮುಖ ಒರೆಸಿ, ಕತ್ತಿಯನ್ನು ಮಡಚಿ ದೂರ ಇಟ್ಟ ಮೇಲೆಯೇ ಕುರ್ಚಿಯ ಮುಂದೆ ಬಂದು ನಿಂತರು.

"ಮೇಷ್ಟ್ರೇ, ತಂದೆಯವರು ಹೋದ್ರಂತೆ."

ಮೇಷ್ಟ್ರು ಗಡಿಯಾರ ನೋಡಿದರು, ಎದ್ದು ಹೊರಟರು. ಆಂಜಿನಯ್ಯನವರೇ ಆಟೋ ನಿಲ್ಲಿಸಿ ಹತ್ತಿಸಿದರು.

ಮೇಷ್ಟ್ರ ಕಡೆಯಿಂದ ಎಂಟು ದಿನ ಸುದ್ದಿಯಿಲ್ಲ. ಹತ್ತನೆಯ ದಿನದ ಕ್ಷೌರಕ್ಕೆ ಕರ್ಮ ನಡೆಯುವ ಜಾಗದಲ್ಲೇ ಜನ ಸಿಗುತ್ತಾರೆ, ಇವರನ್ನೇ ಕರೆಯಬೇಕೆಂದೇನಿಲ್ಲ. ಕರೆಯದಿದ್ದರೆ ಮೇಷ್ಟ್ರು ಮುನಿದಿದ್ದಾರೆಂದೇ ಅರ್ಥ ಎಂದುಕೊಂಡರು. ಆದರೆ ಮಾಡಿದ್ದು ತಪ್ಪೆಂದು ಒಂದು ದಿನವೂ ಅನ್ನಿಸಲಿಲ್ಲ. ಗುರುವಾರ ಸಂಜೆ ಸುಪ್ರಜಾ ಅಂಗಡಿಗೇ ಬಂದಳು.

"ನಾಳೆ ಬೆಳಗ್ಗೆ ಕರ್ಮಕ್ಕೆ ಚಾಮರಾಜಪೇಟೆಗೆ ಬರ್ಬೇಕಂತೆ ಅಂಕಲ್. ಬೇರೆ ಯಾರೂ ಬೇಡ ಅಂದ್ರು ಅಪ್ಪ."

ಶುಕ್ರವಾರ ಬೆಳಗ್ಗೆ ಮೇಷ್ಟ್ರು ಬಾವಿಕಟ್ಟೆಯ ಪಕ್ಕ ಮಣೆಯ ಮೇಲೆ ಕೂತಿದ್ದರು. ಎರಡೂ ಕೆನ್ನೆಯಲ್ಲಿ ಗಡ್ಡ ಒಂದೇ ಸಮನೆ ಬೆಳೆದಿತ್ತು. ಆಂಜಿನಯ್ಯನವರು ತಲೆಗೆ ನೀರು ತಟ್ಟಿದರು.

"ಸುಪ್ರಜಾ ಫೋನ್ ಮಾಡಿದ್ದು ಒಂಬತ್ತು ಹನ್ನೆರಡಕ್ಕೆ," ಎಂದರು ಮೇಷ್ಟ್ರು. "ನೀನು ಹೇಳಿದ್ದು ಒಂಬತ್ತು ಹದಿನಾರಕ್ಕೆ."

"ಹೌದು ಮೇಷ್ಟ್ರೇ. ಮೂರು ನಿಮಿಷ ಸಾಕಾಗ್ತಿತ್ತು. ಗದ್ದದ ಕೆಳಗೆ ಎರಡನೇ ಸಲ ಕತ್ತಿ ಆಡಿಸ್ದೆ."

ಮೇಷ್ಟ್ರ ತುಟಿ ಕೊಂಚ ಅಲುಗಿತು. "ನಂಗೆ ಆಗ್ಲೇ ಗೊತ್ತಾಯ್ತು ಕಣಯ್ಯ. ಇಪ್ಪತ್ತಾರು ವರ್ಷದಲ್ಲಿ ನೀನು ಬಾಯಿ ಮುಚ್ಕೊಂಡು ಕತ್ತಿ ಹಿಡಿದಿದ್ದು ಅದೇ ಮೊದಲು."

ಆಂಜಿನಯ್ಯನವರ ಕೈ ನಿಂತಿತು. "ಮತ್ತೆ ಏಳ್ಲಿಲ್ವಲ್ಲ ನೀವು?"

"ಎದ್ದಿದ್ರೆ ನೀನು ಹೇಳ್ಬೇಕಾಗ್ತಿತ್ತು. ನೀನು ಹೇಳೋವರೆಗೂ ಅಪ್ಪ ಇದ್ರು."

ಆಂಜಿನಯ್ಯನವರು ಕತ್ತಿಗೆ ಹೊಸ ಬ್ಲೇಡು ಸಿಕ್ಕಿಸಿದರು. ಆಮೇಲೆ ಮೇಷ್ಟ್ರೇ ತಲೆ ಬಗ್ಗಿಸಿದರು. "ಏನಾದ್ರೂ ಮಾತಾಡು ಮಾರಾಯ. ನೀನು ಸುಮ್ನಿದ್ರೆ ಭಯ ಆಗುತ್ತೆ."

ಆಂಜಿನಯ್ಯನವರು ಕತ್ತಿಯನ್ನು ನೆತ್ತಿಗೆ ತಾಗಿಸಿ, ಹನುಮಂತನಗರದಲ್ಲಿ ಹೊಸದಾಗಿ ತೆರೆದ ಸಲೂನಿನವರು ಬಲೂನಿಗೆ ನೊರೆ ಹಚ್ಚಿ ಕ್ಷೌರ ಕಲಿಸುವ ಸಂಗತಿಯನ್ನು ಆರಂಭಿಸಿದರು.

ಆ ದಿನ ಅವರಿಗಾದ ಖರ್ಚು: ಚಾಮರಾಜಪೇಟೆಗೆ ಆಟೋ ಎಪ್ಪತ್ತು ರೂಪಾಯಿ, ಹೊಸ ಬ್ಲೇಡಿನ ಪೊಟ್ಟಣ ಇಪ್ಪತ್ತೈದು, ಕೆಲಸ ಮುಗಿದ ಮೇಲಿನ ಸ್ನಾನಕ್ಕೆ ಸೋಪು ಹತ್ತು, ಕಾಫಿ ಹದಿನೈದು. ವಾಪಸು ನಡೆದೇ ಬಂದರು.