ಗೋಡೆಗೆ ನೀರು ಹಾಕುವ ಮೇಸ್ತ್ರಿ

ಪರದೇಶದಿಂದ ಬರುವ ದುಡ್ಡಿನಲ್ಲಿ ಮನೆ ಕಟ್ಟುವ ಮೇಸ್ತ್ರಿಗೆ ಗೋಡೆಯ ನೇರ ನೋಡುವ ತೂಗುಗುಂಡಿಗಿಂತ ಮನೆಯೊಡತಿಯ ಮುಖದ ಮೇಲೇ ಹೆಚ್ಚು ಕಣ್ಣು. ಗಂಡ ಕಳಿಸಿದ ಹಣ ಕೈಸೇರಿದ ದಿನ ಅವಳು ಕೊಡುವ ಚಹಾಕ್ಕೆ ಸಕ್ಕರೆ ಜಾಸ್ತಿ, ಗೋಡೆಯೂ ಗೇಣುದ್ದ ಏರುತ್ತದೆ. ಬಾರದಿದ್ದರೆ ಕಿಟಕಿ ತಿಂಗಳುಗಟ್ಟಲೆ ಬಾಯಿ ತೆರೆದುಕೊಂಡೇ ನಿಂತಿರುತ್ತದೆ. ಈ ಬೀದಿಯ ಅರ್ಧ ಮನೆಗಳನ್ನು ಕಟ್ಟಿ ಮುಗಿಸಿದವನೂ ಅವನೇ, ಉಳಿದರ್ಧವನ್ನು ಅರ್ಧಕ್ಕೇ ನಿಲ್ಲಿಸಿದವನೂ ಅವನೇ. "ಇಟ್ಟಿಗೆ ಇಡೋನು ನಾನು, ಮನೆ ಎಬ್ಬಿಸೋದು ಅಲ್ಲಿರೋನ ಬೆವರು" ಎನ್ನುವುದು ಅವನ ಮಾಮೂಲು ಮಾತು. ಈಗ ಕಟ್ಟುತ್ತಿರುವ ಈ ಮನೆಗೆ ಎರಡು ತಿಂಗಳಿಂದ ಹಣವಿಲ್ಲ, ಫೋನಿಗೂ ಉತ್ತರವಿಲ್ಲ. ಆದರೂ ಮೇಸ್ತ್ರಿ ದಿನಾ ಬೆಳಗ್ಗೆ ಬಂದು ಗೋಡೆಗೆ ಪೈಪು ಹಿಡಿಯುತ್ತಾನೆ. ಒಡತಿ ಕೂಲಿಯ ಮಾತೆತ್ತಿದರೆ ಅವಳ ಮೇಲೇ ರೇಗುತ್ತಾನೆ. ಇವತ್ತು ದಿನಸಿ ಅಂಗಡಿಯವನು ಗೇಟು ತಳ್ಳಿಕೊಂಡು ಒಳಗೇ ಬಂದ. "ಕೆಲಸ ನಿಂತುಹೋಗಿದೆಯಂತಲ್ಲ ಮೇಸ್ತ್ರಿ? ಈ ಮನೆಗೆ ಇನ್ನೂ ಸಾಲಕ್ಕೆ ಸಾಮಾನು ಕೊಡ್ಲೋ, ಬೇಡ್ವೋ?" ಬಾಗಿಲ ಹಿಂದೆ ಒಡತಿ ಪಾತ್ರೆ ತಿಕ್ಕುವ ಸದ್ದು ತಟ್ಟನೆ ನಿಂತಿತು. "ನಿಂತಿದ್ರೆ ನೀರ್ಯಾಕೆ ಹಾಕ್ತಿದ್ದೆ? ಹೊಸ ಗೋಡೆ ಅಂದ್ರೆ ಹಸುಗೂಸು ಕಣಯ್ಯಾ, ಒಣಗೋಕೆ ಬಿಡಬಾರದು" ಎಂದು ಗದರಿದ ಮೇಸ್ತ್ರಿ, ಎರಡು ತಿಂಗಳ ನೀರಿಗೆ ಗೋಡೆಯ ಬುಡದಲ್ಲಿ ಹಸಿರಾಗಿ ಹಬ್ಬಿದ್ದ ಪಾಚಿ ಅಂಗಡಿಯವನ ಕಣ್ಣಿಗೆ ಬೀಳದಂತೆ ಮೆಲ್ಲಗೆ ಅಡ್ಡ ನಿಂತ.